ಇರುವೆಗೆ ಮನೆ, ಮರಕ್ಕೆ ಕಾವಲು

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ಇತಿಹಾಸದ ಅಧ್ಯಾಪಕರೊಬ್ಬರು ತರಗತಿಯ ವಿದ್ಯಾರ್ಥಿಗಳನ್ನೆಲ್ಲ ಚಂದ್ರವಳ್ಳಿಗೆ ಕರೆದುಕೊಂಡು ಹೋಗಿದ್ದರು. ಸುತ್ತ ಬೆಟ್ಟಗಳು, ನಡುವೆ ಕೆರೆ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ. ಆ ಅರಸನು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ ಶಾಸನವದು. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಇಲ್ಲಿ ನೆಲವನ್ನಗೆದು ಶಾತವಾಹನರ ಕಾಲದ ಊರಿನ ಕುರುಹುಗಳನ್ನು ಕಂಡುಹಿಡಿದ ವಿಷಯವನ್ನು ಅಧ್ಯಾಪಕರು ವಿವರಿಸುತ್ತಿದ್ದರು. ಅಷ್ಟರಲ್ಲಿ, ಹತ್ತಿರದ ಜಾಲಿಮರಕ್ಕೆ ಒರಗಿ ನಿಂತಿದ್ದ ಗೆಳೆಯನೊಬ್ಬನು "ಅಯ್ಯೋ!" ಎಂದು ಚೀರಿ ಅಂಗಿಯನ್ನು ಕೊಡವತೊಡಗಿದನು. ಮಯೂರಶರ್ಮನು ಅಲ್ಲಿಗೇ ನಿಂತನು. ಎಲ್ಲರ ಕಣ್ಣೂ ಮರದ ಮೇಲೆ ಬಿತ್ತು.

ಮರದ ಬೊಡ್ಡೆಯ ಮೇಲೆ ಇರುವೆಗಳು ಹರಿದಾಡುತ್ತಿದ್ದವು. ತೆಳ್ಳನೆಯ ಉದ್ದ ಮೈ. ತಲೆ ಮತ್ತು ಹೊಟ್ಟೆ ಕಪ್ಪು, ನಡುಭಾಗ ಮಾತ್ರ ಕೆಂಪು. ಕುಟುಕಿಸಿಕೊಂಡ ಗೆಳೆಯನಿಗೆ ತೋಳು ಊದಿಕೊಂಡಿತ್ತು. "ಈ ಇರುವೆಗಳು ಮರವನ್ನು ತಿಂದುಹಾಕುತ್ತವೆ. ಔಷಧಿ ಹೊಡೆದು ಕೊಲ್ಲಬೇಕು" ಎಂದು ಅವನು ಸಿಟ್ಟಿನಿಂದ ಹೇಳಿದನು. ಕೆರೆಯ ಏರಿಯ ಮೇಲೆ ಆಡು ಕಾಯುತ್ತಿದ್ದ ಮುದುಕರೊಬ್ಬರು ನಕ್ಕು, "ಅವು ಮರಾನ ತಿಂಬಾಕೆ ಬಂದಿಲ್ಲ ಕಣಪ್ಪಾ, ಮರಾನ ಕಾಯಾಕೆ ಐದಾವೆ" ಎಂದರು. "ಕೂಲಿ ಕೊಡೋರು ಯಾರಜ್ಜಾ?" ಎಂದು ನಾವು ಕೇಳಿದ್ದಕ್ಕೆ, "ಮರಾನೇ ಕೊಡ್ತೈತೆ, ನೋಡ್ಕಳಿ" ಎಂದು ಹೇಳಿ ಆಡುಗಳ ಹಿಂದೆ ಹೊರಟುಹೋದರು.

ಒಂದೇ ಮರ, ಒಂದೇ ಇರುವೆ, ಎರಡು ಅಭಿಪ್ರಾಯ. ಇವರಲ್ಲಿ ಯಾರು ಹೇಳಿದ್ದು ನಿಜ? ಅದಕ್ಕಿಂತ ಹೆಚ್ಚಾಗಿ, ನಿಜವೆಂದು ತಿಳಿಯುವ ಬಗೆ ಹೇಗೆ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಗ್ರಂಥಾಲಯದಲ್ಲಿ ಓದಿ, ತಿಳಿದವರನ್ನು ಕೇಳಿ ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ. ಕಲಾ ಕಾಲೇಜಿನ ಪತ್ರಿಕೆಗೆ ಇರುವೆಯ ವಿಚಾರವೇಕೆಂದು ಯಾರಾದರೂ ಕೇಳಬಹುದು. ಅರ್ಥಶಾಸ್ತ್ರದ ತರಗತಿಯಲ್ಲಿ ವಿನಿಮಯವನ್ನೂ, ರಾಜ್ಯಶಾಸ್ತ್ರದ ತರಗತಿಯಲ್ಲಿ ಕರಾರನ್ನೂ ಓದುವ ನಮಗೆ, ಮಾತು ಬಾರದ ಎರಡು ಜೀವಿಗಳು ಕಾಗದಪತ್ರವಿಲ್ಲದೆ ನಡೆಸಿಕೊಂಡು ಬಂದಿರುವ ಈ ಕೊಡು-ಕೊಳ್ಳುವ ವ್ಯವಹಾರವು ಅನ್ಯವಾದುದಲ್ಲವೆಂದು ನನ್ನ ನಂಬಿಕೆ.

ಮರ ಕೊಡುವ ಕೂಲಿ

ಮೊದಲು ಅಜ್ಜನ ಮಾತನ್ನು ಪರೀಕ್ಷಿಸೋಣ. ಜಾಲಿಯ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿರಿ. ನಾವು ಸಾಮಾನ್ಯವಾಗಿ ಎಲೆ ಎನ್ನುವ ಚಿಕ್ಕ ಚಿಕ್ಕ ಹಸುರು ಚೂರುಗಳು ನಿಜವಾಗಿ ಒಂದೇ ಎಲೆಯ ಕಿರುಭಾಗಗಳು. ಅವನ್ನೆಲ್ಲ ಹೊತ್ತಿರುವ ನಡುದಂಟಿನ ಮೇಲೆ, ಬುಡದ ಕಡೆಗೆ, ಸಾಸಿವೆಗಿಂತಲೂ ಸಣ್ಣದಾದ ಬಟ್ಟಲಿನಂಥ ಗುಬುಟು ಇರುತ್ತದೆ. ಎಳೆಯ ಎಲೆಯಲ್ಲಿ ಈ ಬಟ್ಟಲಿನಿಂದ ಸಿಹಿರಸ ಒಸರುತ್ತದೆ. ಇರುವೆಗಳು ಒಂದಾದ ಮೇಲೊಂದು ಬಂದು ಅದನ್ನು ನೆಕ್ಕಿಹೋಗುವುದನ್ನು ಸ್ವಲ್ಪ ತಾಳ್ಮೆಯಿದ್ದವರು ಕಣ್ಣಾರೆ ಕಾಣಬಹುದು. ಅಜ್ಜ ಹೇಳಿದ ಕೂಲಿ ಇದೇ.

ಹೂವಿನೊಳಗೆ ಮಕರಂದವಿರುವುದನ್ನು ಎಲ್ಲರೂ ಬಲ್ಲೆವು. ಹೂವಿನ ಹೊರಗೂ ಮಕರಂದವನ್ನು ಒಸರುವ ಇಂಥ ಭಾಗಗಳಿಗೆ 'ಹೊರಮಧುಗ್ರಂಥಿ' ಎನ್ನಬಹುದು. ಇದು ಜಾಲಿಗೆ ಮಾತ್ರ ಮೀಸಲಾದುದಲ್ಲ. ನಮ್ಮ ಹೊಲಗಳಲ್ಲಿ ಬೆಳೆಯುವ ಹರಳುಗಿಡದ ಎಲೆಯ ತೊಟ್ಟಿನ ಮೇಲೆ ಇಂಥ ಗುಬುಟುಗಳಿವೆ. ಹತ್ತಿಯ ಎಲೆಯನ್ನು ತಿರುವಿ ಹಾಕಿದರೆ ನಡುನರದ ಮೇಲೆ ಒಂದು ಸಣ್ಣ ಗುಳಿ ಕಾಣುತ್ತದೆ, ಅದೂ ಇದೇ. ಅಲಸಂದೆಯ ಹೂಗೊಂಚಲಿನ ಬಳಿಯೂ ಇರುವೆ ಸುತ್ತುತ್ತಿರುವುದು ಇದಕ್ಕಾಗಿಯೇ. ನಾವು ದಿನವೂ ಓಡಾಡುವ ದಾರಿಯ ಪಕ್ಕದಲ್ಲೇ ಈ ವ್ಯವಹಾರ ನಡೆಯುತ್ತಿದ್ದರೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಗಿಡವು ಈ ಸಿಹಿಯನ್ನು ಏಕೆ ಚೆಲ್ಲಬೇಕು? ಹೂವಿನ ಮಕರಂದದ ಉದ್ದೇಶ ಸ್ಪಷ್ಟ. ಜೇನುಹುಳು, ಚಿಟ್ಟೆಗಳು ಬಂದು ಪರಾಗವನ್ನು ಒಯ್ಯಬೇಕು. ಆದರೆ ಎಲೆಯ ಬುಡದಲ್ಲಿ ಪರಾಗವೂ ಇಲ್ಲ, ಕಾಯಿಯೂ ಆಗುವುದಿಲ್ಲ. ಅಲ್ಲಿ ಇರುವುದು ಮೆತ್ತನೆಯ ಎಳೆ ಎಲೆ, ಅದನ್ನು ತಿನ್ನಬರುವ ಹುಳು. ಸಿಹಿಯನ್ನು ಅರಸಿ ಬಂದ ಇರುವೆಯು ದಾರಿಯಲ್ಲಿ ಸಿಕ್ಕ ಹುಳುವಿನ ಮೊಟ್ಟೆಯನ್ನೋ ಮರಿಯನ್ನೋ ಹೊತ್ತೊಯ್ಯುತ್ತದೆ, ಇಲ್ಲವೆ ಕಚ್ಚಿ ಕೆಳಗೆ ಕೆಡವುತ್ತದೆ. ಇರುವೆಗೆ ಮರಿಗಳನ್ನು ಸಾಕಲು ಮಾಂಸಾಹಾರ ಬೇಕು; ತನಗೆ ಓಡಾಡಲು ಸಕ್ಕರೆ ಬೇಕು. ಸಕ್ಕರೆಯನ್ನು ಮರ ಕೊಡುತ್ತದೆ; ಮಾಂಸವು ಮರದ ಶತ್ರುವಿನದು. ಬಿಸಿಲಿಗೆ ಬಡತನವಿಲ್ಲದ ಈ ಸೀಮೆಯಲ್ಲಿ ಮರಕ್ಕೆ ಸಕ್ಕರೆ ತಯಾರಿಸುವುದು ಅಂಥ ದುಬಾರಿಯ ಕೆಲಸವೂ ಅಲ್ಲ.

ಇಲ್ಲಿ ಒಂದು ತೊಡಕುಂಟು. ಕಾವಲಿಗೆ ಬಂದ ಇರುವೆಯು ಹೂವಿನ ಮೇಲೂ ಕುಳಿತು, ಪರಾಗ ಒಯ್ಯಲು ಬಂದ ಜೇನುಹುಳುವನ್ನೇ ಓಡಿಸಿದರೆ ಗತಿಯೇನು? ಪೂರ್ವ ಆಫ್ರಿಕದ ಒಂದು ಬಗೆಯ ಜಾಲಿಯಲ್ಲಿ ಇದಕ್ಕೆ ಪರಿಹಾರವಿರುವುದನ್ನು ಪ್ಯಾಟ್ ವಿಲ್ಮರ್ ಮತ್ತು ಗ್ರಹಾಂ ಸ್ಟೋನ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ಹೂವು ಹೊಸದಾಗಿ ಅರಳಿ ಪರಾಗ ತುಂಬಿರುವಾಗ ಇರುವೆಗೆ ಸೇರದ ಯಾವುದೋ ವಾಸನೆಯು ಅದರಲ್ಲಿರುತ್ತದೆ. ಇರುವೆ ಹತ್ತಿರ ಸುಳಿಯುವುದಿಲ್ಲ. ಪರಾಗದ ಕೆಲಸ ಮುಗಿದು ಹೂವು ಹಳತಾದ ಮೇಲೆ ಆ ವಾಸನೆ ಹೋಗುತ್ತದೆ. ಕಾಯಿಕಟ್ಟುವ ಹೊತ್ತಿಗೆ ಇರುವೆ ಮತ್ತೆ ಕಾವಲಿಗೆ ಬರುತ್ತದೆ. ಅತಿಥಿ ಬಂದಾಗ ನಾಯಿಯನ್ನು ಕಟ್ಟಿಹಾಕಿ, ಹೋದ ಮೇಲೆ ಬಿಡುವ ಮನೆಯೊಡೆಯನ ಎಚ್ಚರದಂತಿದೆ ಇದು!

ಮನೆಯನ್ನೂ ಕೊಡುವ ಮರ

ಹಿಂದೆ ನಮ್ಮ ಹಳ್ಳಿಗಳಲ್ಲಿ ತಳವಾರನಿಗೆ ಸುಗ್ಗಿಯಲ್ಲಿ ಕಣದ ಬಳಿಯೇ ಆಯ ಕೊಡುತ್ತಿದ್ದರು. ಕೆಲವೆಡೆ ಅವನಿಗೆ ಮಾನ್ಯದ ಹೊಲವೂ ಇರುತ್ತಿತ್ತು. ದಿನಗೂಲಿಯವನು ಇಂದು ಇಲ್ಲಿ, ನಾಳೆ ಇನ್ನೊಂದು ಊರು; ಮನೆ, ಮಾನ್ಯ ಇದ್ದವನಿಗೆ ಊರೇ ತನ್ನದು. ಚಂದ್ರವಳ್ಳಿಯ ಜಾಲಿಯ ಇರುವೆ ದಿನಗೂಲಿಯದು. ಜಾಲಿಯ ಬಿಳಿಯ ಮುಳ್ಳುಗಳು ಗಟ್ಟಿಯಾದವು. ಅವುಗಳಲ್ಲಿ ಇರುವೆ ವಾಸಿಸಲು ಎಡೆಯಿಲ್ಲ. ಗೆಳೆಯನನ್ನು ಕುಟುಕಿದ ಕೆಂಪುನಡುವಿನ ಇರುವೆಗಳು ಮರದ ಸತ್ತ ಭಾಗಗಳ ಪೊಟರೆಗಳಲ್ಲಿ ಗೂಡು ಮಾಡುವಂಥವು. ಮರ ಅವಕ್ಕಾಗಿ ಮನೆ ಕಟ್ಟಿಲ್ಲ. ಹಾಳುಮನೆಯಲ್ಲಿ ಅವೇ ಸೇರಿಕೊಂಡಿವೆ.

ಆದರೆ ಮನೆಯನ್ನೇ ಕಟ್ಟಿಕೊಡುವ ಜಾಲಿಗಳೂ ಜಗತ್ತಿನಲ್ಲಿವೆ. ಮಧ್ಯ ಅಮೆರಿಕದಲ್ಲಿ ಎತ್ತಿನ ಕೊಂಬಿನಾಕಾರದ ದಪ್ಪ ಮುಳ್ಳುಗಳಿರುವ ಒಂದು ಬಗೆಯ ಜಾಲಿ ಬೆಳೆಯುತ್ತದೆ. ಇಂಗ್ಲೆಂಡಿನ ಗಣಿ ಎಂಜಿನಿಯರ್ ಥಾಮಸ್ ಬೆಲ್ಟ್ ಎಂಬಾತನು ನಿಕರಾಗುವ ದೇಶದಲ್ಲಿ ಇದನ್ನು ಕಂಡು 1874ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವರ್ಣಿಸಿದನು. ಇರುವೆಗಳು ಮುಳ್ಳಿನ ತುದಿಯ ಬಳಿ ತೂತು ಕೊರೆದು ಒಳಗಿನ ತಿರುಳನ್ನು ತೆಗೆದು, ಆ ಟೊಳ್ಳಿನಲ್ಲಿ ಮೊಟ್ಟೆ ಮರಿಗಳೊಡನೆ ಸಂಸಾರ ಹೂಡುತ್ತವೆ. ಎಲೆಯ ದಂಟಿನಲ್ಲಿ ಸಿಹಿರಸ ಸಿಕ್ಕುತ್ತದೆ. ಇಷ್ಟೇ ಅಲ್ಲ, ಪ್ರತಿಯೊಂದು ಕಿರುಎಲೆಯ ತುದಿಯಲ್ಲಿಯೂ ಸಸಾರಜನಕ ಮತ್ತು ಕೊಬ್ಬು ತುಂಬಿದ ಚಿಕ್ಕದೊಂದು ಗುಳಿಗೆ ಬೆಳೆಯುತ್ತದೆ. ಇರುವೆಗಳು ಅದನ್ನು ಕಿತ್ತು ಮರಿಗಳಿಗೆ ಉಣಿಸುತ್ತವೆ. ಅರ್ಥಾತ್ ಮನೆ, ನೀರು, ಅನ್ನ ಎಲ್ಲವೂ ಮರದ್ದೇ. ಬದಲಿಗೆ ಈ ಇರುವೆಗಳು ಹಗಲಿರುಳೂ ಮರವನ್ನು ಸುತ್ತುತ್ತವೆ. ಹುಳು ಬಂದರೆ ಕೊಲ್ಲುತ್ತವೆ, ದನ ಬಾಯಿ ಹಾಕಿದರೆ ಮೂತಿಗೆ ಕುಟುಕುತ್ತವೆ. ಹತ್ತಿರ ಹಬ್ಬುವ ಬಳ್ಳಿಗಳನ್ನೂ ಕಡಿದುಹಾಕುತ್ತವೆ.

ಬೆಲ್ಟನ ವರ್ಣನೆ ಎಷ್ಟೇ ಸೊಗಸಾಗಿದ್ದರೂ ಅದು ನೋಡಿದವನ ಅಭಿಪ್ರಾಯ ಮಾತ್ರ. ಇರುವೆಯು ಮರಕ್ಕೆ ನಿಜವಾಗಿ ಉಪಕಾರ ಮಾಡುತ್ತಿದೆಯೇ ಅಥವಾ ಸುಮ್ಮನೆ ಉಂಡು ಮಲಗುತ್ತಿದೆಯೇ ಎಂಬುದನ್ನು ಹಲವರು ಸಂದೇಹಿಸಿದರು. ನಾಯಿಗೆ ಚಿಗಟ ಹೇಗೋ ಹಾಗೆ ಮರಕ್ಕೆ ಇರುವೆ ಎಂದವರೂ ಇದ್ದರು. ಸಂದೇಹವನ್ನು ಬಗೆಹರಿಸಿದವರು ಡೇನಿಯಲ್ ಜಾನ್ಜೆನ್. ಮೆಕ್ಸಿಕೋ ದೇಶದಲ್ಲಿ ಅವರು ಕೆಲವು ಮರಗಳಿಂದ ಇರುವೆಗಳನ್ನು ಪೂರ್ತಿ ತೆಗೆದುಹಾಕಿ, ಇನ್ನು ಕೆಲವನ್ನು ಇದ್ದಂತೆಯೇ ಬಿಟ್ಟು, ಎರಡನ್ನೂ ಹೋಲಿಸಿದರು. 1966ರಲ್ಲಿ ಪ್ರಕಟವಾದ ಫಲಿತಾಂಶವು ಸ್ಪಷ್ಟವಾಗಿತ್ತು: ಇರುವೆ ಕಳೆದುಕೊಂಡ ಮರಗಳನ್ನು ಹುಳುಗಳು ಮುತ್ತಿದವು, ಬಳ್ಳಿಗಳು ಹಬ್ಬಿದವು, ಬೆಳವಣಿಗೆ ಕುಂಠಿತವಾಯಿತು, ಹೆಚ್ಚು ಮರಗಳು ಸತ್ತವು. ಉಪಕಾರವನ್ನು ತಿಳಿಯಬೇಕಾದರೆ ಉಪಕಾರಿಯನ್ನು ಒಂದು ಸಲ ದೂರಮಾಡಿ ನೋಡಬೇಕು. ಈ ಲೇಖನದಲ್ಲಿ ನಾನು ಹೇಳಬಯಸುವ ಮುಖ್ಯವಾದ ಮಾತು ಇದೇ.

ಸೋಜಿಗದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮೆಕ್ಸಿಕೋದ ಆ ಕಾವಲಿರುವೆಯೂ ಚಂದ್ರವಳ್ಳಿಯಲ್ಲಿ ನಮ್ಮ ಗೆಳೆಯನನ್ನು ಕುಟುಕಿದ ಇರುವೆಯೂ ಒಂದೇ ಉಪಕುಟುಂಬಕ್ಕೆ ಸೇರಿದ ದಾಯಾದಿಗಳು! ಅಲ್ಲಿಯವು ಮರದೊಡನೆ ಪೂರ್ತಿ ಕರಾರು ಮಾಡಿಕೊಂಡಿವೆ. ಇಲ್ಲಿಯವು ಸತ್ತ ಕೊಂಬೆಯಲ್ಲಿ ಬಿಡಾರ ಹೂಡಿ ಸ್ವತಂತ್ರವಾಗಿ ಬದುಕುತ್ತಿವೆ. ಒಂದೇ ವಂಶದವರಾದರೂ ಎಲ್ಲರ ಕಸುಬೂ ಒಂದೇ ಅಲ್ಲ.

ನಮ್ಮ ನಾಡಿನ ಇರುವೆಮರ

ಹಾಗಾದರೆ ಕನ್ನಡನಾಡಿನಲ್ಲಿ ಇರುವೆಗೆ ಮನೆ ಕಟ್ಟಿಕೊಡುವ ಮರವೇ ಇಲ್ಲವೆ? ಉಂಟು. ಅದನ್ನು ನೋಡಲು ನಮ್ಮ ಬಯಲುಸೀಮೆಯನ್ನು ಬಿಟ್ಟು ಮಳೆ ಸುರಿಯುವ ಕೊಡಗಿನ ಕಾಡಿಗೆ ಹೋಗಬೇಕು. ಅಲ್ಲಿಯ ದೊಡ್ಡ ಮರಗಳ ನೆರಳಿನಲ್ಲಿ 'ಹುಂಬೋಲ್ಟಿಯ ಬ್ರುನೋನಿಸ್' ಎಂಬ ಶಾಸ್ತ್ರೀಯ ಹೆಸರಿನ ಒಂದು ಚಿಕ್ಕ ಮರ ಬೆಳೆಯುತ್ತದೆ. ಪಶ್ಚಿಮಘಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ತಾನಾಗಿ ಬೆಳೆಯುವುದಿಲ್ಲ. ಹುಣಿಸೆ, ತಂಗಡಿಗಳ ದೂರದ ನೆಂಟ. ಇದರ ಕೊಂಬೆಗಳಲ್ಲಿ ಗೆಣ್ಣು ಗೆಣ್ಣಿನ ನಡುವಣ ಕೆಲವು ಭಾಗಗಳು ಉಬ್ಬಿಕೊಂಡು ಟೊಳ್ಳಾಗಿರುತ್ತವೆ. ಒಂದು ಕಡೆ ಸಣ್ಣ ಸೀಳು ತಾನಾಗಿಯೇ ತೆರೆದುಕೊಳ್ಳುತ್ತದೆ. ಬಾಗಿಲು ತೆರೆದಿಟ್ಟ ಮನೆ! ಎಲೆಗಳಲ್ಲಿಯೂ ಹೂಮೊಗ್ಗುಗಳ ಬಳಿಯಲ್ಲಿಯೂ ಸಿಹಿರಸವಿರುತ್ತದೆ.

ಈ ಮರದ ವಿಶೇಷವೆಂದರೆ, ಒಂದೇ ಕಾಡಿನಲ್ಲಿ ಕೆಲವು ಮರಗಳಿಗೆ ಮಾತ್ರ ಇಂಥ ಮನೆಗಳಿವೆ. ಪಕ್ಕದ ಮರಗಳಿಗೆ ಇಲ್ಲ. ಮೆಕ್ಸಿಕೋದ ಜಾಲಿಯಲ್ಲಿ ಎಲ್ಲ ಮರಗಳಿಗೂ ಟೊಳ್ಳು ಮುಳ್ಳುಗಳಿರುವುದರಿಂದ, ಮನೆ ಕೊಡುವುದರಿಂದಲೇ ಮರಕ್ಕೆ ಎಷ್ಟು ಲಾಭವೆಂದು ಅಳೆಯುವುದು ಕಷ್ಟ. ಇಲ್ಲಿ ಪ್ರಕೃತಿಯೇ ಎರಡೂ ಬಗೆಯ ಮರಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಪರೀಕ್ಷೆಗೆ ಅನುಕೂಲ ಮಾಡಿಕೊಟ್ಟಿದೆ. ಇದನ್ನು ಮನಗಂಡು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್, ಫ್ರಾನ್ಸಿನ ಲಾರೆನ್ಸ್ ಗೋಮ್ ಮತ್ತು ಸಂಗಡಿಗರು ಈ ಮರವನ್ನು ಅಭ್ಯಸಿಸಿ ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು.

ಅವರು ಕಂಡದ್ದೇನು? ಮನೆಯಿರುವ ಮರಗಳು ಮನೆಯಿಲ್ಲದ ಮರಗಳಿಗಿಂತ ಹೆಚ್ಚು ಕಾಯಿ ಬಿಟ್ಟವು. ಆದುದರಿಂದ ಮನೆ ಕಟ್ಟಿಸಿದ್ದು ವ್ಯರ್ಥವಲ್ಲ. ಆದರೆ ಆ ಮನೆಗಳಿಗೆ ಬಂದ ಬಾಡಿಗೆದಾರರು ಹಲವು ಜಾತಿಯ ಇರುವೆಗಳು. ಕೊಂಬೆಗಳಿಗೆ ಇರುವೆ ಬಾರದಂತೆ ತಡೆದು ಪರೀಕ್ಷಿಸಿದಾಗ, ಅವುಗಳಲ್ಲಿ ಎಲೆಗಳನ್ನು ಹುಳುಗಳಿಂದ ನಿಜವಾಗಿ ಕಾಪಾಡುವುದು ಒಂದೇ ಒಂದು ಜಾತಿಯೆಂದು ತಿಳಿದುಬಂತು. ಇದರ ಶಾಸ್ತ್ರೀಯ ಹೆಸರು 'ಟೆಕ್ನೊಮಿರ್ಮೆಕ್ಸ್ ಆಲ್ಬಿಪೆಸ್'. ಇದರ ಬಲ ಸಂಖ್ಯೆಯಲ್ಲಿದೆ. ಮರದ ಮೇಲೆ ಹೆಚ್ಚು ಇರುವೆಗಳು ಸುತ್ತುತ್ತಿರುವುದರಿಂದ, ಹುಳುವೊಂದನ್ನು ಎಲೆಯ ಮೇಲಿಟ್ಟರೆ ಬೇಗ ಅದರ ಮೇಲೆ ಬೀಳುತ್ತವೆ. ಮಿಕ್ಕ ಇರುವೆಗಳು ಮರದ ಸಿಹಿಯನ್ನು ಕುಡಿದು, ಮರದ ಮನೆಯಲ್ಲಿದ್ದು, ಎಲೆ ಕಾಯುವ ಗೋಜಿಗೆ ಹೋಗುವುದಿಲ್ಲ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ನಮ್ಮ ಗಾದೆ ಇಲ್ಲಿ ನೆನಪಾಗದಿರದು.

ಆದರೂ ಒಂದು ಪ್ರಶ್ನೆ ಉಳಿಯಿತು. ಕಾವಲು ಕಾಯದ ಇರುವೆಗಳಿರುವ ಮರಗಳಲ್ಲಿಯೂ, ಮನೆಯಿದ್ದರೆ ಕಾಯಿ ಹೆಚ್ಚಾಗಿತ್ತಲ್ಲ, ಅದು ಹೇಗೆ? ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಆ ಟೊಳ್ಳುಗಳಲ್ಲಿ ಇರುವೆಗಳಷ್ಟೇ ಅಲ್ಲ, ಮರದ ಮೇಲೆಯೇ ವಾಸಿಸುವ ಒಂದು ಬಗೆಯ ಎರೆಹುಳುವೂ ಇರುತ್ತದೆ. ಎರೆಹುಳು ಮರವನ್ನು ಕಾಯುವುದುಂಟೆ? ಬೋರ್ಜಸ್ ಅವರ ಶಿಷ್ಯೆ ಜಯಶ್ರೀ ಚನಮ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರ ದೊರೆಯಿತು. ಸಾರಜನಕದ ಜಾಡನ್ನು ಹಿಡಿದು ನೋಡಿದಾಗ, ಟೊಳ್ಳಿನಲ್ಲಿರುವ ಇರುವೆ ಮತ್ತು ಎರೆಹುಳುಗಳ ಕಸ-ಮಲಗಳಿಂದ ಸಾರಜನಕವು ಟೊಳ್ಳಿನ ಗೋಡೆಯ ಮೂಲಕ ಮರಕ್ಕೇ ಸೇರುತ್ತಿರುವುದು ಕಂಡುಬಂತು. ನಾವು ಹೊಲಕ್ಕೆ ಗೊಬ್ಬರ ಹಾಕುವುದು ಬೇರಿನ ಬಳಿ. ಈ ಮರಕ್ಕೆ ಕೊಂಬೆಯಲ್ಲಿಯೇ ತಿಪ್ಪೆಗುಂಡಿ! ಕಾವಲು ಕಾಯದವನೂ ಗೊಬ್ಬರದ ರೂಪದಲ್ಲಿ ಬಾಡಿಗೆ ಸಲ್ಲಿಸುತ್ತಿದ್ದಾನೆ. ಒಬ್ಬನನ್ನು ಸೋಮಾರಿಯೆಂದು ತೀರ್ಮಾನಿಸುವ ಮೊದಲು ಅವನ ಲೆಕ್ಕವನ್ನು ಪೂರ್ತಿ ನೋಡಬೇಕೆಂಬ ಪಾಠ ಇದರಲ್ಲಿದೆ.

ಕರಾರು ಮುರಿಯುವ ಬಗೆ

ಇದುವರೆಗಿನ ವಿವರಣೆಯಿಂದ, ಮರವೂ ಇರುವೆಯೂ ಒಂದಕ್ಕೊಂದು ಪ್ರೀತಿಯಿಂದ ತ್ಯಾಗ ಮಾಡುತ್ತಿವೆಯೆಂದು ಯಾರಾದರೂ ಭಾವಿಸಬಹುದು. ಪುಸ್ತಕಗಳಲ್ಲಿ ಹಾಗೆ ಬರೆಯುವುದೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಎರಡೂ ತಮ್ಮ ತಮ್ಮ ಹಿತವನ್ನೇ ನೋಡುತ್ತವೆ. ಎರಡರ ಹಿತವೂ ಕೂಡುವ ಜಾಗದಲ್ಲಿ ಉಪಕಾರ ಹುಟ್ಟುತ್ತದೆ. ಆ ಜಾಗ ಕದಲಿದರೆ ಉಪಕಾರವೂ ಕದಲುತ್ತದೆ. ಇದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ನಮ್ಮ ಊರಿನದೇ. ಜಾಲಿಯ ಎಳೆಯ ಕೊಂಬೆಗಳ ಮೇಲೆ ಬೆನ್ನಿನಲ್ಲಿ ಕೊಂಬಿನಂಥ ಚಾಚುಗಳಿರುವ ಕಂದುಬಣ್ಣದ ಸಣ್ಣ ಕೀಟಗಳು ಸಾಲಾಗಿ ಕುಳಿತಿರುತ್ತವೆ. ಇವು ಕೊಂಬೆಯ ರಸವನ್ನು ಹೀರಿ, ಹೆಚ್ಚಾದ ಸಿಹಿಯನ್ನು ಅಂಟುಹನಿಯಾಗಿ ಹೊರಹಾಕುತ್ತವೆ. ಇರುವೆಗಳು ಈ ಕೀಟಗಳನ್ನು ಹಸುಗಳಂತೆ ಕಾಯ್ದು, ಮೀಸೆಯಿಂದ ತಟ್ಟಿ, ಆ ಹನಿಯನ್ನು ಕುಡಿಯುತ್ತವೆ. ಎಲೆ ತಿನ್ನುವ ಹುಳುವನ್ನು ಓಡಿಸಿದ ಕಾವಲುಗಾರನೇ ರಸ ಹೀರುವ ಕಳ್ಳನಿಗೆ ರಕ್ಷಣೆ ಕೊಡುತ್ತಾನೆ! ಒಟ್ಟಿನ ಮೇಲೆ ಮರಕ್ಕೆ ಲಾಭವೋ ನಷ್ಟವೋ ಎಂಬುದು ಯಾವ ಕೀಟ ಎಷ್ಟಿದೆ ಎಂಬುದರ ಮೇಲೆ ನಿಂತಿದೆ.

ಎರಡನೆಯದು ಆಫ್ರಿಕದ ಕೀನ್ಯ ದೇಶದ್ದು. ಅಲ್ಲಿಯ ಹುಲ್ಲುಗಾವಲಿನಲ್ಲಿ ಬುಡ ಉಬ್ಬಿದ ಮುಳ್ಳುಗಳಿರುವ ಒಂದು ಜಾಲಿಯಿದೆ. ಮುಳ್ಳಿನೊಳಗಿನ ಇರುವೆಗಳು ಆನೆ, ಜಿರಾಫೆಗಳನ್ನು ಮರದಿಂದ ದೂರವಿಡುತ್ತವೆ. ಒಂದು ಕಡೆ ಈ ದೊಡ್ಡ ಪ್ರಾಣಿಗಳು ಬಾರದಂತೆ ಬೇಲಿ ಹಾಕಿ, ಹತ್ತು ವರ್ಷಗಳ ಮೇಲೆ ಮರಗಳನ್ನು ನೋಡಿದರು. ಶತ್ರುಗಳಿಲ್ಲದ ಮರಗಳು ಸೊಂಪಾಗಿ ಬೆಳೆದಿರಬೇಕಲ್ಲವೆ? ಟಾಡ್ ಪಾಮರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದುದು ಇದಕ್ಕೆ ವಿರುದ್ಧವಾಗಿತ್ತು. ಕಳ್ಳನಿಲ್ಲದ ಊರಿನಲ್ಲಿ ತಳವಾರನ ಆಯ ಕಡಿಮೆಯಾದಂತೆ, ಮರಗಳು ಸಿಹಿರಸವನ್ನೂ ಮನೆಯ ಮುಳ್ಳುಗಳನ್ನೂ ಕಡಿಮೆ ಮಾಡಿದವು. ಒಳ್ಳೆಯ ಕಾವಲಿರುವೆ ಸೊರಗಿತು. ಅದರ ಜಾಗಕ್ಕೆ ಬಂದ ಇನ್ನೊಂದು ಇರುವೆಯು ಮುಳ್ಳಿನ ಮನೆಯನ್ನು ಬಯಸದು. ಕಾಂಡ ಕೊರೆಯುವ ದುಂಬಿ ಮಾಡಿದ ತೂತುಗಳಲ್ಲಿ ಅದು ವಾಸಿಸುತ್ತದೆ. ಆದ್ದರಿಂದ ದುಂಬಿ ಹೆಚ್ಚಿದಷ್ಟೂ ಅದಕ್ಕೆ ಅನುಕೂಲ. ಕೊನೆಗೆ ಬೇಲಿಯೊಳಗಿನ ಮರಗಳೇ ನಿಧಾನವಾಗಿ ಬೆಳೆದವು, ಹೆಚ್ಚಾಗಿ ಸತ್ತವು. ಇಬ್ಬರ ಸ್ನೇಹವನ್ನು ಮೂರನೆಯ ಶತ್ರುವು ಕಾಪಾಡುತ್ತಿದ್ದನೆಂದು ಆಮೇಲೆ ತಿಳಿಯಿತು.

ಮೂರನೆಯದೂ ಅದೇ ದೇಶದ, ಅದೇ ಮರದ ಕಥೆ. ಹೊರಗಿನಿಂದ ಬಂದು ಹಬ್ಬಿದ ದಪ್ಪತಲೆಯ ಇರುವೆಯೊಂದು ಅಲ್ಲಿಯ ಕಾವಲಿರುವೆಗಳನ್ನು ಕೊಂದುಹಾಕಿತು. ಕಾವಲಿಲ್ಲದ ಮರಗಳನ್ನು ಆನೆಗಳು ಬೇರೆಡೆಗಿಂತ ಐದರಿಂದ ಏಳು ಪಟ್ಟು ಹೆಚ್ಚಾಗಿ ಮುರಿದವು. ಮರಗಳು ಹೋಗಿ ಬಯಲಾದಾಗ, ಮರೆಯಲ್ಲಿ ಅವಿತು ಬೇಟೆಯಾಡುವ ಸಿಂಹಗಳಿಗೆ ಹೇಸರಗತ್ತೆಯನ್ನು ಹೋಲುವ ಪಟ್ಟೆಕುದುರೆಗಳು ಸಿಕ್ಕುವುದು ಕಷ್ಟವಾಯಿತು. 2003ರಲ್ಲಿ ಸಿಂಹಗಳು ಕೊಂದ ಪ್ರಾಣಿಗಳಲ್ಲಿ ಪಟ್ಟೆಕುದುರೆಯ ಪಾಲು ನೂರಕ್ಕೆ 67ರಷ್ಟಿತ್ತು. 2020ರಲ್ಲಿ ಅದು 42ಕ್ಕೆ ಇಳಿದಿತ್ತು. ಸಿಂಹಗಳು ಕಾಡುಕೋಣದಂಥ ಎಮ್ಮೆಗಳ ಕಡೆಗೆ ತಿರುಗಿದ್ದವು. ಈ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಇರುವೆ ಬದಲಾದರೆ ಸಿಂಹದ ಊಟ ಬದಲಾಗುತ್ತದೆಂದು ಯಾರು ತಾನೇ ಊಹಿಸಿದ್ದರು?

ನಮ್ಮ ಪ್ರಶ್ನೆಗೆ ಉತ್ತರ

ಇನ್ನು ಚಂದ್ರವಳ್ಳಿಯ ಜಾಲಿಮರದ ಬುಡಕ್ಕೆ ಹಿಂದಿರುಗೋಣ. ಇರುವೆ ಮರವನ್ನು ತಿನ್ನುತ್ತದೆಂಬ ಗೆಳೆಯನ ಮಾತು ಸರಿಯಲ್ಲ. ಅವನನ್ನು ಕುಟುಕಿದ ಇರುವೆ ಎಲೆಯನ್ನೂ ತಿನ್ನುವುದಿಲ್ಲ, ಹಸಿಮರವನ್ನೂ ತಿನ್ನುವುದಿಲ್ಲ. ಗೆದ್ದಲಿನ ಅಪರಾಧವನ್ನು ಇರುವೆಯ ಮೇಲೆ ಹೊರಿಸಿ ನಾವು ಎಷ್ಟೋ ಮರಗಳ ಬುಡಕ್ಕೆ ವಿಷದ ಪುಡಿ ಸುರಿದಿದ್ದೇವೆ. ಹಾಗೆ ಸುರಿದಾಗ ಸತ್ತವರು ಬಿಟ್ಟಿ ಕಾವಲುಗಾರರೂ ಆಗಿರಬಹುದು. ಮಲೆನಾಡಿನ ಮಾವಿನ ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯ ಜಾತಿಯನ್ನೇ ಚೀನಾ ದೇಶದ ಕಿತ್ತಳೆ ತೋಟದವರು ಹುಳುಗಳಿಂದ ಹಣ್ಣನ್ನು ಕಾಪಾಡಲು ಹಣ ಕೊಟ್ಟು ತಂದು ಬಿಡುತ್ತಿದ್ದರೆಂದು ಕ್ರಿ. ಶ. 304ರ ಬರೆಹವೊಂದರಿಂದ ತಿಳಿದುಬರುತ್ತದೆ. ಅವರು ಕೊಂಡು ತಂದುದನ್ನು ನಾವು ಹಣ ಕೊಟ್ಟು ಕೊಲ್ಲುವುದು ಯಾವ ಲೆಕ್ಕ?

ಅಜ್ಜನ ಮಾತು ಅರ್ಧ ನಿಜ. ಕೂಲಿಯಿರುವುದನ್ನು ನಾವೇ ಕಂಡೆವು. ಆದರೆ ಕಾವಲು ಎಷ್ಟರಮಟ್ಟಿಗೆ ಎಂಬುದನ್ನು ಚಂದ್ರವಳ್ಳಿಯಲ್ಲಿ ನಾವು ಅಳೆದು ನೋಡಿಲ್ಲ. ಮೆಕ್ಸಿಕೋದಲ್ಲಿ, ಕೊಡಗಿನಲ್ಲಿ ನಿಜವಾದುದು ಇಲ್ಲಿಯೂ ನಿಜವಾಗಬೇಕೆಂದಿಲ್ಲ. ಅಜ್ಜನ ಆಡುಗಳಂತೂ ಇರುವೆಯನ್ನು ಲೆಕ್ಕಿಸದೆ ಜಾಲಿಯ ಚಿಗುರನ್ನು ಮೇಯುತ್ತಲೇ ಇದ್ದವು!

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಸೂಚನೆ. ಚಂದ್ರವಳ್ಳಿ ರಕ್ಷಿತ ಸ್ಥಳವಾದುದರಿಂದ ಅಲ್ಲಿಯ ಮರಗಳನ್ನು ಮುಟ್ಟುವುದು ಬೇಡ. ನಮ್ಮಲ್ಲಿ ಬಹುಮಂದಿ ರೈತರ ಮಕ್ಕಳು; ಹೊಲದ ಬದುವಿನಲ್ಲಿ ಜಾಲಿಮರವಿಲ್ಲದವರು ವಿರಳ. ಮುಂಗಾರಿನಲ್ಲಿ ಹೊಸ ಚಿಗುರು ಬಂದಾಗ, ಒಂದೊಂದು ಮರದಲ್ಲಿ ಒಂದೇ ಅಳತೆಯ ಎರಡು ಕೊಂಬೆಗಳನ್ನು ಆರಿಸಿಕೊಳ್ಳಿರಿ. ಎರಡಕ್ಕೂ ಬಟ್ಟೆಯ ಪಟ್ಟಿ ಸುತ್ತಿ, ಒಂದರ ಪಟ್ಟಿಗೆ ಮಾತ್ರ ಗಾಡಿಯ ಕೀಲೆಣ್ಣೆಯನ್ನು ದಪ್ಪವಾಗಿ ಬಳಿಯಿರಿ. ಬಳಿದ ಪಟ್ಟಿಯನ್ನು ಇರುವೆ ದಾಟಲಾರದು. ಮೊದಲೇ ಕೊಂಬೆಯಲ್ಲಿರುವ ಇರುವೆಗಳನ್ನು ಕೊಡವಿಬಿಡಬೇಕು. ಬೇರೆ ಕೊಂಬೆ ತಾಗಿ ಸೇತುವೆಯಾಗದಂತೆ ನೋಡಿಕೊಳ್ಳಬೇಕು. ಆಡುಗಳಿಗೆ ಎಟುಕದಷ್ಟು ಎತ್ತರದಲ್ಲಿರಬೇಕು. ಆರು ವಾರಗಳ ಕಾಲ ವಾರಕ್ಕೊಮ್ಮೆ ಎರಡೂ ಕೊಂಬೆಗಳಲ್ಲಿ ತಿಂದ ಎಲೆಗಳೆಷ್ಟು, ಇಡಿಯಾದವೆಷ್ಟು, ರಸ ಹೀರುವ ಕೀಟಗಳೆಷ್ಟು ಎಂದು ಎಣಿಸಿ ಬರೆದಿಡಿರಿ. ಒಂದೆರಡು ಮರಗಳಿಂದ ಏನನ್ನೂ ಹೇಳಲಾಗದು. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಿಂದ ಬರುವ ನಾವು ಇಪ್ಪತ್ತು ಮಂದಿ ತಲಾ ಎರಡು ಮರಗಳನ್ನು ನೋಡಿದರೆ ನಲವತ್ತು ಮರಗಳ ಲೆಕ್ಕ ಸಿಗುತ್ತದೆ. ಉಪಕರಣ ಬೇಡ, ಪ್ರಯೋಗಶಾಲೆ ಬೇಡ. ಒಂದು ಚಿಂದಿ, ಒಂದಿಷ್ಟು ಕೀಲೆಣ್ಣೆ, ಒಂದು ನೋಟುಪುಸ್ತಕ ಸಾಕು.

ಇರುವೆಯಿದ್ದ ಕೊಂಬೆ ಚೆನ್ನಾಗಿದ್ದರೆ ಅಜ್ಜ ಗೆದ್ದರು. ಎರಡೂ ಒಂದೇ ಸಮನಾಗಿದ್ದರೆ ಇರುವೆ ಬರೀ ಉಂಡುಹೋಗುವ ನೆಂಟ. ಇರುವೆಯಿಲ್ಲದ ಕೊಂಬೆಯೇ ಚೆನ್ನಾಗಿದ್ದರೆ ಗೆಳೆಯನ ಸಿಟ್ಟಿಗೆ, ಬೇರೆ ಕಾರಣದಿಂದಾದರೂ, ಅರ್ಥವಿತ್ತೆಂದು ಒಪ್ಪಬೇಕಾಗುತ್ತದೆ. ಯಾವುದೇ ಆಗಲಿ, ಅದನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯೋಣ. ಆಮೇಲೆ ಚಂದ್ರವಳ್ಳಿಯ ಏರಿಯ ಮೇಲೆ ಅಜ್ಜನನ್ನು ಹುಡುಕಿ, ಅವರ ಮಾತಿನಲ್ಲಿ ಎಷ್ಟು ನಿಜವಿತ್ತೆಂಬುದನ್ನು ಅವರಿಗೂ ತಿಳಿಸಿ ಬರೋಣ.